ಕಾದಂಬರಿಯ ನಡುವೆ ಕೊಂಡಿಗಳು

ಕನ್ನಡ ಕಾದಂಬರಿಯೊಂದನ್ನು ನಮ್ಮ ಮಕ್ಕಳ ಕೈಗೆ ಕೊಟ್ಟರೆ ಎರಡನೆಯ ಪುಟಕ್ಕೇ ಪ್ರಶ್ನೆ ಬರುತ್ತದೆ: ‘ಹಂಗಂದ್ರ ಏನು?’ ಈಚೆಗೆ ನಮ್ಮ ಮನೆಯಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (೧೯೬೭) ಓದತೊಡಗಿದ ಮಗಳು ‘ಕಂಬಳಿಕೊಪ್ಪೆ’ಯ ಹತ್ತಿರ ನಿಂತಳು. ಪುಣೆಯಲ್ಲಿ ಹುಟ್ಟಿ ಬೆಳೆದವಳು ಅದನ್ನೆಲ್ಲಿ ಕಂಡಾಳು? ಧಾರವಾಡದ ಕಡೆಯವರಾದ ನಾವೂ ತಡವರಿಸಿದೆವು. ಇಂಥ ತೊಡಕಿಗೆ ಇ-ಪುಸ್ತಕಗಳಲ್ಲಿ ಹೈಪರ್‌ಲಿಂಕ್, ಅಂದರೆ ಕೊಂಡಿ, ಎಂಬ ಅನುಕೂಲವಿದೆ. ಪದದ ಮೇಲೆ ಬೆರಳಿಟ್ಟರೆ ಅರ್ಥ ತೆರೆದುಕೊಳ್ಳುತ್ತದೆ. ಪರನಾಡಿನ ಕನ್ನಡಿಗರಿಗೆ ಇದು ಉಪಕಾರವೇ ಸರಿ. ಆದರೆ ಕಥೆಯಲ್ಲಿ ಕೊಂಡಿ ಎಲ್ಲಿರಬೇಕು, ಎಲ್ಲಿರಬಾರದು ಎಂಬ ವಿಚಾರ ನಡೆಯಬೇಕಾಗಿದೆ.

ನಮ್ಮ ಊರಿನ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು ೧೯೧೯ರಲ್ಲಿ ಕೈಗೊಂಡು ೧೯೬೬ರಲ್ಲಿ ಮುಗಿಸಿದ ಮಹಾಭಾರತದ ಸಂಶೋಧಿತ ಆವೃತ್ತಿಯನ್ನು ನೋಡಿದವರಿಗೆ ಗೊತ್ತು: ಪುಟದ ಮೇಲೆ ಮೂಲಪಾಠ, ಕೆಳಗೆ ಪಾಠಾಂತರಗಳ ದಟ್ಟ ಸಾಲುಗಳು. ವಿದ್ವಾಂಸರಿಗೆ ಅದು ಬೇಕೇ ಬೇಕು. ಅದೇ ಭಾರತದ ಕಥೆಯನ್ನು ಕುಮಾರವ್ಯಾಸನ ಮಾತಿನಲ್ಲಿ ಕೇಳುವ ನಮ್ಮ ಪದ್ಧತಿ ಬೇರೆ. ಗಮಕಿಗಳು ಭಾಮಿನಿ ಷಟ್ಪದಿಯ ಆರೂ ಸಾಲುಗಳನ್ನು ರಾಗವಾಗಿ ವಾಚಿಸುತ್ತಾರೆ. ಆಮೇಲೆ ವ್ಯಾಖ್ಯಾನಕಾರರು ಮಾತು ಎತ್ತಿಕೊಳ್ಳುತ್ತಾರೆ. ನಡುಸಾಲಿನಲ್ಲಿ ಗಮಕಿಗಳನ್ನು ತಡೆದರೆ ಸಭೆ ಸಹಿಸೀತೆ? ಕೊಂಡಿ ಹಾಕುವವರು ಈ ಮರ್ಯಾದೆಯನ್ನು ಕಲಿಯಬೇಕು.

ಕೊಂಡಿಯನ್ನು ಒತ್ತಿದರೆ ಪುಸ್ತಕದ ಕೊನೆಗೆ ಹಾರಿ, ಓದುತ್ತಿದ್ದ ಜಾಗವೇ ತಪ್ಪಿಹೋಗುವುದುಂಟು. ಅದಕ್ಕಿಂತ ಕಷ್ಟದ್ದು ಪುಸ್ತಕದಿಂದ ಹೊರಗೆ, ಅಂತರ್ಜಾಲಕ್ಕೆ ಎಳೆದೊಯ್ಯುವ ಕೊಂಡಿ. ಹೊರಗೆ ಹೋದ ಮಗು ಕಥೆಗೆ ಮರಳಿ ಬರುತ್ತದೆಂಬ ಭರವಸೆ ನಮಗಿಲ್ಲ. ಓದುತ್ತಿರುವ ಪುಟದ ಮೇಲೆಯೇ ಟಿಪ್ಪಣಿ ತೆರೆದು ಮುಚ್ಚುವ ಏರ್ಪಾಡಿಗೆ ೨೦೧೧ರ ಇಪಬ್-೩ ಮಾದರಿಯಲ್ಲೇ ಅವಕಾಶವಿದೆ. ಆದ್ದರಿಂದ ತಂತ್ರವಿಲ್ಲವೆಂಬ ನೆಪ ನಡೆಯದು.

ಇನ್ನು, ಯಾವ ಪದಕ್ಕೆ ಕೊಂಡಿ? ಕಂಬಳಿಕೊಪ್ಪೆಗೆ ಇರಲಿ, ಒಂದು ಚಿತ್ರವೂ ಇರಲಿ. ಆದರೆ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ಯನ್ನು (೧೯೮೪) ನೆನೆಯೋಣ. ನಂಜನಗೂಡು ಸೀಮೆಯ ಆಡುಮಾತಿನ ಆ ಕಾದಂಬರಿಯಲ್ಲಿ ರಾತ್ರಿ ಜೋತಮ್ಮಗಳು ಒಂದೆಡೆ ಸೇರಿ ಮಾತಿಗೆ ಕೂರುತ್ತವೆ. ‘ಜೋತಮ್ಮ: ದೀಪದ ಆತ್ಮ’ ಎಂದು ಕೊಂಡಿಯೊಂದು ಹೇಳಿಬಿಟ್ಟರೆ ಅರ್ಥವೇನೋ ತಿಳಿಯಿತು, ಮಾತಾಡುತ್ತಿರುವವರು ಯಾರಪ್ಪಾ ಎಂದು ಬೆರಗಾಗಿ, ಮುಂದೆ ಓದುತ್ತ ತಾವೇ ಕಂಡುಕೊಳ್ಳುವ ಸುಖ ಹೋಯಿತು. ಲೇಖಕರು ಬೇಕೆಂದೇ ಹೇಳದೆ ಬಿಟ್ಟದ್ದನ್ನು ಪ್ರಕಾಶಕರು ಹೇಳಬಾರದು.

ಲೇಖಕರೇ ಕೊಂಡಿಗಳಿಂದ ಕಥೆ ಹೆಣೆದ ಉದಾಹರಣೆಗಳೂ ಇವೆ. ಅಮೆರಿಕದ ಮೈಕಲ್ ಜಾಯ್ಸ್ ೧೯೮೭ರಲ್ಲಿ ರಚಿಸಿದ ‘ಆಫ್ಟರ್‌ನೂನ್, ಎ ಸ್ಟೋರಿ’ಯಲ್ಲಿ ಓದುಗರು ಆರಿಸಿದ ಪದಕ್ಕೆ ತಕ್ಕಂತೆ ಕಥೆಯ ದಾರಿಯೇ ಬದಲಾಗುತ್ತದೆ. ಅಲ್ಲಿ ಕೊಂಡಿಯು ಕೃತಿಯ ಅಂಗ. ಅದನ್ನು ಕೃತಿಯಾಗಿಯೇ ವಿಮರ್ಶಿಸಬೇಕು. ನಮ್ಮ ಆಕ್ಷೇಪವಿರುವುದು ಮುಗಿದ ಕಾದಂಬರಿಯ ಮೇಲೆ ಆಮೇಲೆ ಅಂಟಿಸುವ ಕೊಂಡಿಗಳ ಬಗ್ಗೆ. ಅವು ಮಿತವಾಗಿರಲಿ, ಕಣ್ಣಿಗೆ ಚುಚ್ಚುವ ನೀಲಿ ಅಡಿಗೆರೆ ಬೇಡ, ಬೇಡವೆಂದವರಿಗೆ ಮುಚ್ಚಿಡುವ ಸೌಕರ್ಯವಿರಲಿ. ಇಷ್ಟನ್ನು ಪ್ರಕಾಶಕರಲ್ಲಿ ವಿನಂತಿಸುತ್ತೇವೆ.

ತಂದೆತಾಯಂದಿರಿಗೂ ಒಂದು ಮಾತು. ಅಂದು ಕಂಬಳಿಕೊಪ್ಪೆಯ ಅರ್ಥ ಕೇಳಲು ತೀರ್ಥಹಳ್ಳಿಯ ನಮ್ಮ ಬೀಗಿತಿಯವರಿಗೆ ಫೋನ್ ಮಾಡಿದೆವು. ಅವರು ಕಂಬಳಿಯನ್ನು ಹೇಗೆ ಮಡಿಸಿ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದರೆಂದು ವಿವರಿಸಿ, ಆಷಾಢದ ಮಳೆಯಲ್ಲಿ ಶಾಲೆಗೆ ಹೋಗುತ್ತಿದ್ದ ಕಥೆಯನ್ನೆಲ್ಲ ಹೇಳಿದರು. ಮಗಳು ಅರ್ಧ ಗಂಟೆ ಕನ್ನಡದಲ್ಲೇ ಮಾತಾಡಿದಳು. ಪುಸ್ತಕದಲ್ಲಿ ಕೊಂಡಿ ಇದ್ದರೂ ಆಗಾಗ ಹೀಗೆ ಊರಿಗೆ ಫೋನ್ ಮಾಡುವ ರೂಢಿಯನ್ನು ನಾವು ಬಿಡದಿರೋಣ.