ಇಳಿಜಾರಿನ ತಪ್ಪು ಮಾತ್ರೆಯ ತಲೆಗೆ

ಕೊಡಚಾದ್ರಿಗೆ ಹೋಗಿಬಂದವರು ಹತ್ತಿದ ಕಷ್ಟವನ್ನೇ ಹೇಳಿಕೊಳ್ಳುತ್ತಾರೆ. ಏದುಸಿರು, ಬೆವರು ಹತ್ತುವಾಗಿನವೇ, ನಿಜ. ಆದರೆ ಎರಡನೇ ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯುವಂತೆ ಮಾಡುವುದು ಇಳಿಜಾರು. ಇಳಿಯುವಾಗ ತೊಡೆಯ ಸ್ನಾಯು ಮೈಭಾರ ತಡೆಯುತ್ತಲೇ ಹಿಗ್ಗಬೇಕು. ಎಳೆಗಳಿಗೆ ಸಣ್ಣಪುಟ್ಟ ಗಾಯವಾಗುವುದು ಆಗಲೇ. ನೋವು ತಡವಾಗಿ ಬಂದು, ಒಂದೆರಡು ದಿನ ಏರಿ, ವಾರದೊಳಗೆ ಹೋಗುತ್ತದೆ.

ಸಾಗರ, ಹೊಸನಗರ, ತೀರ್ಥಹಳ್ಳಿಯ ಐವತ್ತು ದಾಟಿದ ಚಾರಣಿಗರಲ್ಲಿ ಅಟೊರ್ವಾಸ್ಟಾಟಿನ್, ರೊಸುವಾಸ್ಟಾಟಿನ್ ನುಂಗುವವರೂ ಇದ್ದಾರೆ. ಕವಲೇದುರ್ಗ ಇಳಿದ ಮರುದಿನ ಕಾಲು ಹಿಡಿದುಕೊಂಡರೆ ‘ಎಲ್ಲಾ ಆ ಕೊಲೆಸ್ಟ್ರಾಲ್ ಮಾತ್ರೆ ಕೆಲಸ ಮಾರಾಯ್ರೇ’ ಎಂದು ಬಿಟ್ಟೇಬಿಡುವವರನ್ನು ನಾನು ಬಲ್ಲೆ. ಮಾತ್ರೆ ಪೂರಾ ನಿರಪರಾಧಿಯೇನಲ್ಲ. 1997ರ ಅಮೆರಿಕದ ಪ್ರಯೋಗವೊಂದರಲ್ಲಿ ಅದೇ ಜಾತಿಯ ಲೊವಾಸ್ಟಾಟಿನ್ ತಿಂದವರನ್ನು ಇಳಿಜಾರು ಟ್ರೆಡ್‌ಮಿಲ್ ಮೇಲೆ ನಡೆಸಿದಾಗ, ರಕ್ತದಲ್ಲಿ ಸ್ನಾಯುಗಾಯದ ಗುರುತಾದ ಸಿಪಿಕೆ ಉಳಿದವರಿಗಿಂತ ಹೆಚ್ಚು ಏರಿತ್ತು. ಆದರೆ ನೆದರ್‌ಲೆಂಡ್ಸ್‌ನ ನೈಮೇಖನ್‌ನಲ್ಲಿ ನಾಲ್ಕು ದಿನ, ದಿನಕ್ಕೆ 30ರಿಂದ 50 ಕಿ.ಮೀ. ನಡೆದವರ ಮೇಲಿನ 2023ರ ಅಧ್ಯಯನದಲ್ಲಿ ಮಾತ್ರೆಯವರಿಗೂ ಉಳಿದವರಿಗೂ ಆ ಏರಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅದು ಬಯಲುನಾಡು, ನಮ್ಮ ಘಟ್ಟವಲ್ಲ ಎಂಬುದು ನನ್ನ ತಕರಾರು. ಇನ್ನು 2020ರ ಬ್ರಿಟನ್ನಿನ ಪ್ರಯೋಗದಲ್ಲಿ, ಅಡ್ಡಪರಿಣಾಮವೆಂದು ಮಾತ್ರೆ ಬಿಟ್ಟಿದ್ದ 60 ಮಂದಿಗೆ ಹುಸಿ ಮಾತ್ರೆ ಕೊಟ್ಟಾಗಲೂ ಶೇ 90ರಷ್ಟು ತೊಂದರೆ ಹಾಗೇ ಕಾಣಿಸಿಕೊಂಡಿತು!

ಮಾತ್ರೆಯ ನೋವು ಸಾಮಾನ್ಯವಾಗಿ ಎರಡೂ ತೊಡೆಗೆ, ಮೀನಖಂಡಕ್ಕೆ ಸಮನಾಗಿ, ಗುಡ್ಡದ ಹಂಗಿಲ್ಲದೆ ಬರುತ್ತದೆ. ಮಾತ್ರೆ ಶುರುವಾದ ಅಥವಾ ಡೋಸ್ ಏರಿದ ಕೆಲವು ವಾರಗಳಲ್ಲೇ ಹೆಚ್ಚು. ಹಾಗಿದ್ದರೆ ಡಾಕ್ಟರಿಗೆ ಹೇಳಿ, ಥೈರಾಯ್ಡ್ ಕೂಡ ನೋಡಿಸಿ. ಗುಡ್ಡ ಇಳಿದ ವಾರದಲ್ಲಿ ಸಿಪಿಕೆಗೆ ರಕ್ತ ಕೊಡಬೇಡಿ, ಮಾತ್ರೆ ತಿನ್ನದವರದೂ ಆಗ ಏರಿರುತ್ತದೆ. ಮೂತ್ರ ಮಾತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅಂದೇ ಆಸ್ಪತ್ರೆಗೆ ಓಡಬೇಕು.

ಇಳಿಯುವುದನ್ನೂ ಅಭ್ಯಾಸ ಮಾಡಬಹುದು ಎನ್ನುವುದೇ ಚಾರಣಿಗರಿಗೆ ಹೊಳೆಯುವುದಿಲ್ಲ. ಒಮ್ಮೆ ಹದವಾಗಿ ಇಳಿದ ಕಾಲು ಮುಂದಿನ ಕೆಲವು ವಾರ ಅಷ್ಟು ಸುಲಭಕ್ಕೆ ಗಾಯಗೊಳ್ಳದು. ಕುಂದಾದ್ರಿಗೆ ರಸ್ತೆ ಇದೆ. ಮೊದಲ ವಾರ ಸ್ವಲ್ಪ ದೂರ ಇಳಿದು ಬೈಕ್ ಹತ್ತಿ, ಮುಂದಿನ ವಾರ ಇನ್ನಷ್ಟು. ಕೊಡಚಾದ್ರಿಯಲ್ಲಿ ಹತ್ತಲು ಜೀಪು, ಇಳಿಯಲು ಕಾಲು ಎನ್ನುವವರು ಲೆಕ್ಕ ತಿರುವುಮುರುವು ಮಾಡಿಕೊಳ್ಳಲಿ. ಆ ಜೀಪು ದಾರಿಯಲ್ಲಿ ಸೊಂಟದ ಗತಿ ಏನೆಂದು ಕೇಳಬೇಡಿ. ಅದನ್ನೂ ಮಾತ್ರೆಯ ಮೇಲೆ ಹಾಕದಿದ್ದರೆ ಸಾಕು.