ಪದ, ಅರ್ಥ ಮತ್ತು ಅವ್ಯಕ್ತ ಒಲವು: ಅರ್ಥಗಾರಿಕೆಯ ಬೆಳಕಿನಲ್ಲಿ ಕ್ವಿಯರ್ ಓದು

ಯಕ್ಷಗಾನದ ಪರಿಭಾಷೆಯಲ್ಲಿ ‘ಅರ್ಥ’ವೆಂಬ ಶಬ್ದವು ಎರಡು ನೆಲೆಗಳಲ್ಲಿ ಬಳಕೆಯಲ್ಲಿದೆ. ಭಾಗವತರು ಹಾಡಿದ ಪದದ ತಾತ್ಪರ್ಯವೆಂಬುದು ಮೊದಲನೆಯದು. ಆ ಪದವನ್ನು ಆಧರಿಸಿ ಕಲಾವಿದನು ಆ ಕ್ಷಣದಲ್ಲಿಯೇ ಕಟ್ಟಿ ಆಡುವ ಮಾತು ಎಂಬುದು ಎರಡನೆಯದು. ‘ಅರ್ಥ ಹೇಳುವುದು’ ಎಂಬ ಒಂದೇ ನುಡಿಗಟ್ಟಿನಲ್ಲಿ ವ್ಯಾಖ್ಯಾನ ಮತ್ತು ಪಾತ್ರನಿರ್ವಹಣೆಗಳೆರಡೂ ಅಡಕವಾಗಿರುವುದು ಕರಾವಳಿಯ ಈ ಪರಂಪರೆಯ ವಿಶೇಷ. ಪಠ್ಯವು ಬಾಯಿಬಿಟ್ಟು ಹೇಳದುದನ್ನು ಗ್ರಹಿಸಿ ನುಡಿಯುವ ಹಕ್ಕನ್ನು ಇಷ್ಟು ಸ್ಪಷ್ಟವಾಗಿ ಮಾನ್ಯಮಾಡಿರುವ ಕಲಾಪ್ರಕಾರಗಳು ವಿರಳ.

ಗಂಡು–ಹೆಣ್ಣೆಂಬ ನಿಗದಿತ ಚೌಕಟ್ಟಿಗೆ ಒಳಪಡದ ಒಲವುಗಳನ್ನೂ ಗುರುತುಗಳನ್ನೂ ಪಠ್ಯದ ಅವ್ಯಕ್ತ ನೆಲೆಯಲ್ಲಿ ಗುರುತಿಸುವ ವಿಮರ್ಶೆಯನ್ನು ಇಂದು ‘ಕ್ವಿಯರ್ ಓದು’ ಎಂದು ಕರೆಯಲಾಗುತ್ತಿದೆ. ಇದು ಹೊರಗಿನಿಂದ ಬಂದ ಸಿದ್ಧಾಂತ, ನಮ್ಮ ಪುರಾಣಪಾತ್ರಗಳ ಮೇಲೆ ಇದನ್ನು ಹೇರುವುದು ಅನುಚಿತ ಎಂಬ ಆಕ್ಷೇಪ ಸಾಮಾನ್ಯವಾಗಿ ಕೇಳಿಬರುತ್ತದೆ. ಇದಕ್ಕೆ ವಿರುದ್ಧವಾಗಿ, ಕಂಡಲ್ಲೆಲ್ಲ ಇಂಥ ಒಲವನ್ನು ಕಾಣುವ ಅತ್ಯುತ್ಸಾಹವೂ ಇದೆ. ಈ ಎರಡು ನಿಲುವುಗಳ ನಡುವೆ ತೀರ್ಮಾನಿಸಲು ಬೇಕಾದ ಅಳತೆಗೋಲು ಅರ್ಥಗಾರಿಕೆಯ ಶಿಸ್ತಿನಲ್ಲಿಯೇ ದೊರೆಯುತ್ತದೆಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಅಭಿಮಾನಿಯ ಓದು: ಜಪಾನಿನ ನಿದರ್ಶನ

ಅವ್ಯಕ್ತ ಒಲವಿನ ಓದು ಆಧುನಿಕ ಕಾಲದಲ್ಲಿ ಅತ್ಯಂತ ವ್ಯಾಪಕವಾಗಿ ಬೆಳೆದುದು ಜಪಾನಿನ ಚಿತ್ರಕಥೆಗಳಾದ ಮಾಂಗಾ ಮತ್ತು ಚಲಿಸುವ ಚಿತ್ರರೂಪವಾದ ಆನಿಮೆಗಳ ಅಭಿಮಾನಿ ವಲಯದಲ್ಲಿ. ಇದರ ಒಂದು ಬೇರು ರಂಗಭೂಮಿಯಲ್ಲಿದೆ. ಸ್ತ್ರೀಯರೇ ಪುರುಷಪಾತ್ರಗಳನ್ನೂ ವಹಿಸುವ ತಕರಾಜುಕಾ ತಂಡವು 1914ರಲ್ಲಿ ಮೊದಲ ಪ್ರದರ್ಶನ ನೀಡಿತು. ಆ ಊರಿನಲ್ಲಿ ಬೆಳೆದ ಒಸಾಮು ತೆಜುಕಾ 1953ರಲ್ಲಿ ಆರಂಭಿಸಿದ ‘ರಿಬೊನ್ ನೊ ಕಿಶಿ’ಯ ನಾಯಕಿ ರಾಜಕುಮಾರನಾಗಿ ಬೆಳೆಸಲ್ಪಟ್ಟ ರಾಜಕುಮಾರಿ. ರಿಯೊಕೊ ಇಕೆದಾ 1972ರಿಂದ ಪ್ರಕಟಿಸಿದ ‘ವರ್ಸಾಯ್ ನೊ ಬಾರಾ’ದಲ್ಲಿ ಗಂಡಾಗಿ ಬೆಳೆದ ಸೇನಾಧಿಕಾರಿಣಿಯೊಬ್ಬಳಿದ್ದಾಳೆ. ಈ ಕೃತಿ 1974ರಲ್ಲಿ ತಕರಾಜುಕಾ ರಂಗಕ್ಕೇ ಮರಳಿತು. ಮೊತೊ ಹಾಗಿಯೊ, ಕೈಕೊ ತಕೆಮಿಯಾ ಮುಂತಾದ ಲೇಖಕಿಯರು 1970ರ ದಶಕದಲ್ಲಿ ಬಾಲಕರ ನಡುವಣ ಪ್ರೇಮವನ್ನು ನೇರವಾಗಿ ಚಿತ್ರಿಸಿದರು. 1975ರಲ್ಲಿ ಟೋಕಿಯೊದಲ್ಲಿ ಆರಂಭವಾದ ಕಾಮಿಕ್ ಮಾರ್ಕೆಟ್ ಎಂಬ ಮಾರಾಟಮೇಳವು ಓದುಗರೇ ಬರೆದು ಮುದ್ರಿಸಿದ ‘ದೋಜಿನ್‌ಶಿ’ ಪುಸ್ತಿಕೆಗಳಿಗೆ ನೆಲೆಯಾಯಿತು. ಜನಪ್ರಿಯ ಕಥೆಗಳ ಗೆಳೆಯರನ್ನೋ ಪ್ರತಿಸ್ಪರ್ಧಿಗಳನ್ನೋ ಪ್ರೇಮಿಗಳೆಂದು ಓದಿ ಹೊಸ ಕಥೆ ಕಟ್ಟುವ ರೂಢಿ ಇಂಥ ಪುಸ್ತಿಕೆಗಳಲ್ಲಿ ಬಲಗೊಂಡಿತು.

ಮೂಲದಲ್ಲಿ ಎರಡು ನೋಟಗಳ ನಡುವೆ ಉಳಿದ ಮೌನವನ್ನು ಓದುಗನು ಮಾತಾಗಿಸುವುದು ಈ ರೂಢಿಯ ತಿರುಳು. ದೇಶದ ನಾನಾ ಭಾಗಗಳ ವಿದ್ಯಾರ್ಥಿಗಳು ಸೇರುವ ಮಣಿಪಾಲದಂಥ ವಿದ್ಯಾಕೇಂದ್ರದಲ್ಲಿ ಮಾಂಗಾ, ಆನಿಮೆಗಳು ಅಪರಿಚಿತವಲ್ಲ. ಆದರೆ ಅಲ್ಲಿಂದ ಐದಾರು ಕಿಲೋಮೀಟರು ಇಳಿದರೆ ಸಿಗುವ ಉಡುಪಿಯಲ್ಲಿ, ಅಲ್ಲಿಂದಾಚೆಯ ಕಾಪು, ಕಾರ್ಕಳಗಳಲ್ಲಿ, ಮೌನವನ್ನು ಮಾತಾಗಿಸುವ ಇನ್ನೊಂದು ಪದ್ಧತಿ ಅದಕ್ಕಿಂತ ಬಹಳ ಮೊದಲೇ ರೂಢವಾಗಿತ್ತೆಂಬುದು ಗಮನಾರ್ಹ.

ಅರ್ಥಗಾರಿಕೆಯ ಶಿಸ್ತು

ಸ್ಥೂಲವಾಗಿ ಉಡುಪಿಯಿಂದ ಉತ್ತರಕ್ಕೆ ಬಡಗುತಿಟ್ಟು, ಕಾಪು–ಕಾರ್ಕಳಗಳಿಂದ ತೆಂಕಣಕ್ಕೆ ತೆಂಕುತಿಟ್ಟು ಪ್ರಚಾರದಲ್ಲಿವೆ. ವೇಷಭೂಷಣ, ಹಿಮ್ಮೇಳ, ಕುಣಿತಗಳಲ್ಲಿ ಭೇದವಿದ್ದರೂ ಅರ್ಥಗಾರಿಕೆಯ ತತ್ತ್ವ ಎರಡಕ್ಕೂ ಸಮಾನ. ಪತ್ತನಾಜೆಯ ಬಳಿಕ ಮೇಳಗಳು ತಿರುಗಾಟ ನಿಲ್ಲಿಸುವ ಮಳೆಗಾಲದಲ್ಲಿ ತಾಳಮದ್ದಳೆಯ ಕೂಟಗಳು ಬಿರುಸುಗೊಳ್ಳುತ್ತವೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಭಾಗವತರ ಪದ ಮತ್ತು ಎದುರುಬದುರು ಕುಳಿತ ಅರ್ಥಧಾರಿಗಳ ಮಾತು ಮಾತ್ರ. ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು, ಮಲ್ಪೆ ರಾಮದಾಸ ಸಾಮಗರು ಮೊದಲಾದವರು ಒಂದೊಂದು ಪಾತ್ರಕ್ಕೂ ತಮ್ಮದೇ ಆದ ಅರ್ಥದ ಹಾದಿಗಳನ್ನು ತೆರೆದರು. ನಾಲ್ಕು ಸಾಲಿನ ಪದವೊಂದಕ್ಕೆ ಅರ್ಧ ಗಂಟೆಯ ಅರ್ಥ ಹೇಳುವುದು ಇಲ್ಲಿ ಅಸಹಜವೆನಿಸುವುದಿಲ್ಲ.

ಈ ಸ್ವಾತಂತ್ರ್ಯಕ್ಕೆ ಮೂರು ಕಟ್ಟುಗಳಿವೆ. ಅರ್ಥವು ಪದಕ್ಕೆ ವಿರುದ್ಧವಾಗಬಾರದು. ಪಾತ್ರದ ಪೂರ್ವಾಪರಕ್ಕೆ ಅದು ಹೊಂದಬೇಕು. ಎದುರಿನ ಅರ್ಥಧಾರಿಯ ಪ್ರಶ್ನೆಗೆ ಅದು ನಿಲ್ಲಬೇಕು. ಮೂರನೆಯದು ಇಲ್ಲಿ ಮುಖ್ಯ. ದೋಜಿನ್‌ಶಿಯ ಕರ್ತೃವಿಗೆ ಆ ಪುಟದಲ್ಲಿಯೇ ಎದುರಾಳಿಯಿಲ್ಲ; ಅರ್ಥಧಾರಿಗೆ ಒಂದು ಮಾರು ದೂರದಲ್ಲಿಯೇ ಇದ್ದಾನೆ. ಈ ಮೂರು ಕಟ್ಟುಗಳನ್ನು ಕ್ವಿಯರ್ ಓದಿಗೆ ಅನ್ವಯಿಸಿದಾಗ ದೊರೆಯುವ ಫಲಿತಗಳು ಪ್ರಸಂಗದಿಂದ ಪ್ರಸಂಗಕ್ಕೆ ಭಿನ್ನವಾಗುತ್ತವೆ.

ಮೂರು ಪ್ರಸಂಗಗಳ ಪರೀಕ್ಷೆ

ಮೊದಲನೆಯದು ‘ಕೃಷ್ಣಾರ್ಜುನ ಕಾಳಗ’. ಗಯನೆಂಬ ಗಂಧರ್ವನ ತಾಂಬೂಲದ ಉಗುಳು ಅರ್ಘ್ಯಕ್ಕೆಂದು ಒಡ್ಡಿದ ಬೊಗಸೆಗೆ ಬಿದ್ದುದರಿಂದ ಕೃಷ್ಣನು ಅವನನ್ನು ಕೊಲ್ಲುವ ಪ್ರತಿಜ್ಞೆ ಮಾಡುತ್ತಾನೆ. ಅರಿಯದೆ ಅಭಯವಿತ್ತ ಅರ್ಜುನನು ಕೃಷ್ಣನಿಗೆ ಎದುರಾಗಿ ನಿಲ್ಲುತ್ತಾನೆ. ಒಬ್ಬರನ್ನೊಬ್ಬರು ಬಿಟ್ಟಿರಲಾರದ ಇಬ್ಬರು ಒಬ್ಬರ ಮೇಲೊಬ್ಬರು ಆಯುಧವೆತ್ತುವ ಈ ಸನ್ನಿವೇಶವು ಮಾಂಗಾ ಅಭಿಮಾನಿಗಳಿಗೆ ಪ್ರಿಯವಾದ ಗೆಳೆಯ–ಪ್ರತಿಸ್ಪರ್ಧಿಗಳ ಜೋಡಿಗೆ ಅತ್ಯಂತ ಸಮೀಪವಾದುದು. ಇಲ್ಲಿನ ನಿಷ್ಠುರದ ಮಾತುಗಳಲ್ಲಿ ಪ್ರಣಯಕಲಹದ ಛಾಯೆಯನ್ನು ಕಾಣುವುದು ಕಷ್ಟವಲ್ಲ. ಆದರೆ ಇದನ್ನು ಕಾಮಮೂಲವಾದ ಒಲವೆಂದು ಸಾಧಿಸಲು ಹೊರಟರೆ ಎದುರಾಳಿಯ ಪ್ರಶ್ನೆಗೆ ಉತ್ತರಿಸುವುದು ಕಠಿಣ. ನರ–ನಾರಾಯಣರ ಅಭೇದ ಮತ್ತು ಸಖ್ಯಭಕ್ತಿಯೆಂಬ ಎರಡು ಸಿದ್ಧ ಸಮಾಧಾನಗಳು ಆ ಭಾವದ ತೀವ್ರತೆಯನ್ನು ಪೂರ್ಣವಾಗಿಯೇ ವಿವರಿಸಬಲ್ಲವು. ಹೀಗಾಗಿ ಇಲ್ಲಿ ಕ್ವಿಯರ್ ಓದು ಒಂದು ಸಾಧ್ಯತೆಯಾಗಿ ಉಳಿಯುತ್ತದೆಯೇ ಹೊರತು ಅನಿವಾರ್ಯವಾಗುವುದಿಲ್ಲ.

ಎರಡನೆಯದು ‘ಭಸ್ಮಾಸುರ ಮೋಹಿನಿ’. ರಂಗದ ಮೇಲೆ ಪುರುಷ ಕಲಾವಿದನು ವಿಷ್ಣುವಿನ ಸ್ತ್ರೀರೂಪವನ್ನು ಧರಿಸಿದ್ದಾನೆ. ಅಸುರನು ಆ ರೂಪಕ್ಕೆ ಮೋಹಗೊಂಡಿದ್ದಾನೆ. ಪ್ರೇಕ್ಷಕನಿಗೆ ಈ ಮೂರು ಪದರಗಳೂ ಗೊತ್ತು, ಭಸ್ಮಾಸುರನಿಗೆ ಮಾತ್ರ ಗೊತ್ತಿಲ್ಲ. ಪ್ರಸಂಗದ ಸ್ವಾರಸ್ಯವೆಲ್ಲ ಈ ತಿಳಿವಳಿಕೆಯ ಅಂತರದಲ್ಲಿದೆ. ಮೋಹಿನಿಯ ಒಂದೇ ಮಾತು ಅಸುರನಿಗೆ ಒಂದು ಬಗೆಯಾಗಿಯೂ ಸಭೆಗೆ ಇನ್ನೊಂದು ಬಗೆಯಾಗಿಯೂ ಕೇಳಿಸುವಂತೆ ಅರ್ಥ ಹೇಳುವುದಕ್ಕೆ ಇಲ್ಲಿ ಧಾರಾಳ ಅವಕಾಶವಿದೆ. ಲಿಂಗದ ಜಾರುವಿಕೆ ಇಲ್ಲಿ ಧ್ವನಿಯ ನೆಲೆಯಲ್ಲಿಯೇ ಸಿದ್ಧವಾಗಿದ್ದು, ಅದನ್ನು ಗುರುತಿಸುವ ಓದು ಮೂರು ಕಟ್ಟುಗಳಿಗೂ ಒಪ್ಪುತ್ತದೆ. ಪರಿಸರವೂ ಇದಕ್ಕೆ ಅನುಕೂಲವಾಗಿದೆ. ನವರಾತ್ರಿಯಲ್ಲಿ ಉಡುಪಿಯ ಕೃಷ್ಣನಿಗೆ ಸ್ತ್ರೀರೂಪದ ಅಲಂಕಾರ ನಡೆಯುತ್ತದೆ. ತುಳುನಾಡಿನ ಜುಮಾದಿ ದೈವವು ಹೆಣ್ಣಿನ ಎದೆಯನ್ನೂ ಗಂಡಿನ ಮೀಸೆಯನ್ನೂ ಒಂದೇ ರೂಪದಲ್ಲಿ ಧರಿಸಿ ನಿಲ್ಲುತ್ತದೆ. ಆದರೂ ಮೋಹಿನಿಯ ಕಥೆಯಲ್ಲಿ ಆ ಜಾರುವಿಕೆ ಕಾರ್ಯಸಾಧನೆಯ ಉಪಾಯವಾಗಿದ್ದು, ಅಸುರನು ಭಸ್ಮವಾದೊಡನೆ ಮುಗಿಯುತ್ತದೆಂಬುದನ್ನು ಮರೆಯಲಾಗದು.

ಮೂರನೆಯದು ‘ಭೀಷ್ಮ ವಿಜಯ’. ಈ ಪ್ರಸಂಗವೇ ವಿಮರ್ಶೆಗೆ ನಿಜವಾದ ಸವಾಲು. ಕಾಶಿಯ ಸ್ವಯಂವರದಿಂದ ತರಲ್ಪಟ್ಟು, ಸಾಲ್ವನಿಂದಲೂ ಭೀಷ್ಮನಿಂದಲೂ ತಿರಸ್ಕೃತಳಾಗಿ, ಪರಶುರಾಮನ ಮೊರೆಹೊಕ್ಕರೂ ನ್ಯಾಯ ಕಾಣದ ಅಂಬೆ ತಾಳಮದ್ದಳೆಯ ಶ್ರೇಷ್ಠ ಪಾತ್ರಗಳಲ್ಲಿ ಒಂದು. ಅವಳ ಪ್ರಶ್ನೆಗಳಿಗೆ ಭೀಷ್ಮನ ಅರ್ಥಧಾರಿ ಬೆವರುವುದನ್ನು ಕಾಣಲೆಂದೇ ಸಭೆ ಸೇರುತ್ತದೆ. ಆದರೆ ಸಾಮಾನ್ಯವಾಗಿ ಪ್ರದರ್ಶನವು ಭೀಷ್ಮ–ಪರಶುರಾಮರ ಯುದ್ಧದೊಡನೆ, ಅಂಬೆಯ ಶಪಥದೊಡನೆ ಮುಕ್ತಾಯವಾಗುತ್ತದೆ. ವ್ಯಾಸಭಾರತದ ಉದ್ಯೋಗಪರ್ವದಲ್ಲಿ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಅಂಬೆ ದ್ರುಪದನ ಮಗಳಾಗಿ ಹುಟ್ಟುತ್ತಾಳೆ. ತಂದೆತಾಯಿ ಮಗನೆಂದು ಸಾರಿ ಬೆಳೆಸುತ್ತಾರೆ. ದಶಾರ್ಣದ ಅರಸ ಹಿರಣ್ಯವರ್ಮನ ಮಗಳೊಡನೆ ವಿವಾಹವಾಗುತ್ತದೆ. ಪತಿ ಹೆಣ್ಣೆಂಬುದು ವಧುವಿಗೆ ತಿಳಿದು ಯುದ್ಧದ ಬೆದರಿಕೆ ಬರುತ್ತದೆ. ಪ್ರಾಣ ಬಿಡಲು ಕಾಡಿಗೆ ಹೋದ ಶಿಖಂಡಿನಿಗೆ ಸ್ಥೂಣಾಕರ್ಣನೆಂಬ ಯಕ್ಷನು ತನ್ನ ಪುರುಷತ್ವವನ್ನು ನೀಡಿ ಅವಳ ಸ್ತ್ರೀತ್ವವನ್ನು ತಾನು ಪಡೆಯುತ್ತಾನೆ.

ಇದು ಅವ್ಯಕ್ತ ಸೂಚನೆಯಲ್ಲ, ವ್ಯಾಸನ ವಾಚ್ಯವೇ ಆಗಿದೆ. ಗಂಡಾಗಿ ಬೆಳೆದ ಹೆಣ್ಣಿನ ಭಯ, ಅರಿಯದೆ ಮದುವೆಯಾದ ವಧುವಿನ ಅವಮಾನ, ಮಗುವಿನ ಗುರುತನ್ನು ಮುಚ್ಚಿಟ್ಟ ತಂದೆತಾಯಿಯ ಸಂಕಟ, ಕರುಣೆಯಿಂದ ತನ್ನ ಗಂಡುತನವನ್ನೇ ಕಳೆದುಕೊಂಡ ಯಕ್ಷನ ಔದಾರ್ಯ ಎಲ್ಲವೂ ಅಲ್ಲಿವೆ. ಇಷ್ಟು ವಸ್ತುವಿದ್ದರೂ ಪ್ರಸಿದ್ಧ ಪ್ರಸಂಗಸರಣಿಯಲ್ಲಿ ಶಿಖಂಡಿಗೆ ಉಳಿದುದು ಭೀಷ್ಮನು ಬಿಲ್ಲು ಕೆಳಗಿಡಲು ಒಂದು ನೆಪವಾಗಿ ನಿಲ್ಲುವ ಕೆಲಸ. ಕನ್ನಡದ ಆಡುಮಾತಿನಲ್ಲಿ ಆ ಹೆಸರೇ ಬೈಗುಳವಾಗಿದೆ. ಆದ್ದರಿಂದ ಇಲ್ಲಿ ಕ್ವಿಯರ್ ಓದು ಪಠ್ಯಕ್ಕೆ ಹೊಸದಾಗಿ ಏನನ್ನೂ ಸೇರಿಸುವುದಿಲ್ಲ. ಪರಂಪರೆ ಕೈಬಿಟ್ಟುದನ್ನು ಮರಳಿ ಕೇಳುತ್ತದೆ. ಹೇರಿಕೆಯೆಂಬ ಆಕ್ಷೇಪ ಈ ಪ್ರಸಂಗದಲ್ಲಿ ಸಂಪೂರ್ಣವಾಗಿ ಬಿದ್ದುಹೋಗುತ್ತದೆ.

ವೇಷದ ಓದು ಮತ್ತು ವೇಷಧಾರಿಯ ಬದುಕು

ಈ ಚರ್ಚೆ ಸ್ತ್ರೀವೇಷದ ಪ್ರಸ್ತಾಪವಿಲ್ಲದೆ ಪೂರ್ಣವಾಗದು. ತೆಂಕಿನಲ್ಲಿ ಕೋಳ್ಯೂರು ರಾಮಚಂದ್ರ ರಾಯರು, ಬಡಗಿನಲ್ಲಿ ಆರಾಟೆ ಮಂಜುನಾಥರು ಪುರುಷ ಶರೀರದಲ್ಲಿ ಸ್ತ್ರೀಪಾತ್ರದ ಘನತೆಯನ್ನು ಸಾಧಿಸಿ ತೋರಿದರು. ಮಂಟಪ ಪ್ರಭಾಕರ ಉಪಾಧ್ಯರು ಏಕವ್ಯಕ್ತಿ ಪ್ರಯೋಗಗಳ ಮೂಲಕ ಸ್ತ್ರೀವೇಷವೊಂದರಿಂದಲೇ ಇಡೀ ರಂಗವನ್ನು ತುಂಬಿದರು. ಗರತಿ ಪಾತ್ರಗಳ ವೇಷದೊಡನೆ, ಪ್ರಮೀಳೆ, ಮೀನಾಕ್ಷಿಯರಂಥ ವೀರಸ್ತ್ರೀಯರಿಗಾಗಿ ‘ಕಸೆ ಸ್ತ್ರೀವೇಷ’ವೆಂಬ ಪ್ರತ್ಯೇಕ ವಿಭಾಗವೂ ಇದೆ. ಗಂಡು ಹೆಣ್ಣಾಗಿ, ಆ ಹೆಣ್ಣು ಮತ್ತೆ ವೀರನ ಗತ್ತಿನಲ್ಲಿ ಕುಣಿಯುವ ಈ ವೇಷವು ಇಕೆದಾರ ಸೇನಾಧಿಕಾರಿಣಿಗೆ ದೂರದ ನಂಟಿನದು. ಆದರೆ ಪ್ರಮೀಳೆಯ ಸ್ವಾತಂತ್ರ್ಯ ಅರ್ಜುನನೊಡನೆ, ಮೀನಾಕ್ಷಿಯದು ಶಿವನೊಡನೆ ವಿವಾಹದಲ್ಲಿ ಕೊನೆಗೊಳ್ಳುತ್ತದೆ. ಬೃಹನ್ನಳೆಯ ಸುತ್ತ, ‘ಕೀಚಕ ವಧೆ’ಯಲ್ಲಿ ಸೈರಂಧ್ರಿಯ ಸೋಗಿನಲ್ಲಿ ಕಾಯುವ ಭೀಮನ ಸುತ್ತ ನಗುವೇ ಮೇಲುಗೈ ಪಡೆಯುತ್ತದೆ. ಲಿಂಗದ ಗಡಿಯನ್ನು ದಾಟಲು ರಂಗವು ಅವಕಾಶ ಕೊಡುತ್ತದೆ; ಬೆಳಗಾಗುವ ಮೊದಲು ಮದುವೆಯಿಂದಲೋ ನಗುವಿನಿಂದಲೋ ಅದನ್ನು ಮತ್ತೆ ಮುಚ್ಚುತ್ತದೆ.

ಇಲ್ಲಿ ವಿಮರ್ಶೆಗೂ ಒಂದು ಗಡಿಯಿದೆ. ವೇಷದ ಅರ್ಥವನ್ನು ಓದುವುದು ಬೇರೆ, ವೇಷಧಾರಿಯ ಖಾಸಗಿ ಬದುಕನ್ನು ಊಹಿಸುವುದು ಬೇರೆ. 2025ರ ನವೆಂಬರಿನಲ್ಲಿ ಯಕ್ಷಗಾನ ಕಲಾವಿದರ ಖಾಸಗಿ ಬದುಕಿನ ಕುರಿತು ಸಾರ್ವಜನಿಕವಾಗಿ ಬಂದ ಮಾತುಗಳು ತೀವ್ರ ವಿವಾದಕ್ಕೆ ಎಡೆಮಾಡಿದವು. ಅಂಥ ಸಂದರ್ಭಗಳಲ್ಲಿ ಎರಡು ತಪ್ಪುಗಳು ಸಂಭವಿಸುತ್ತವೆ. ಒಂದು ಇಡೀ ಕಲಾವಿದ ಸಮುದಾಯದ ಮೇಲೆ ಸಾರಾಸಗಟಾದ ತೀರ್ಮಾನ ಹೊರಿಸುವುದು. ಇನ್ನೊಂದು ಅದನ್ನು ನಿರಾಕರಿಸುವ ಭರದಲ್ಲಿ ಸಲಿಂಗ ಒಲವನ್ನೇ ಕಳಂಕವೆಂದು ಒಪ್ಪಿಬಿಡುವುದು. ಮೊದಲನೆಯದರಿಂದ ಕಲಾವಿದರಿಗೆ ಅನ್ಯಾಯವಾಗುತ್ತದೆ. ಎರಡನೆಯದರಿಂದ ಅದೇ ಸಭೆಯಲ್ಲಿ ಮೌನವಾಗಿ ಕುಳಿತಿರಬಹುದಾದ ಪ್ರೇಕ್ಷಕನಿಗೆ. ಪದದ ಆಧಾರವಿಲ್ಲದೆ ಅರ್ಥ ಹೇಳಬಾರದೆಂಬ ಕಟ್ಟು ವಿಮರ್ಶಕನಿಗೂ ಅನ್ವಯಿಸುತ್ತದೆ. ಅವನ ಮುಂದಿರುವ ಪದ ರಂಗದ ಮೇಲಿನ ಪಾತ್ರ, ಚೌಕಿಯ ಒಳಗಿನ ಮನುಷ್ಯನಲ್ಲ.

ಉಪಸಂಹಾರ

ತೃತೀಯ ಲಿಂಗದ ಗುರುತನ್ನು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಮಾನ್ಯಮಾಡಿತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು 2018ರಲ್ಲಿ ತೀರ್ಪಿತ್ತಿತು. ಕಾನೂನಿನ ಮಾತು ಕಲೆಯ ಮಾತಾಗಲು ಕಾಲ ಬೇಕಾಗುವುದು ಸಹಜ. ಆದರೆ ಅದಕ್ಕೆ ಬೇಕಾದ ಸಾಮಗ್ರಿಯನ್ನು ಕರಾವಳಿಯ ಪರಂಪರೆ ಹೊರಗಿನಿಂದ ತರಬೇಕಾದ ಅಗತ್ಯವಿಲ್ಲ. ಜಪಾನಿನ ಓದುಗಿಯರು ಮೂಲಕಥೆಯ ಮೌನವನ್ನು ತಮ್ಮ ಪುಸ್ತಿಕೆಗಳಲ್ಲಿ ತುಂಬಿದರು. ಇಲ್ಲಿ ಮೂಲವು ಮೌನವಾಗಿಲ್ಲ, ನಡುವಣ ಪ್ರಸಂಗಪಠ್ಯವು ಮೌನವಹಿಸಿದೆ. ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ 1971ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದಂಥ ಸಂಸ್ಥೆಗಳು ಹೆಜ್ಜೆ, ತಾಳ, ಅಭಿನಯಗಳ ಶಿಕ್ಷಣವನ್ನು ವ್ಯವಸ್ಥಿತಗೊಳಿಸಿವೆ. ತಾಳಮದ್ದಳೆಯ ಧ್ವನಿಮುದ್ರಿಕೆಗಳಲ್ಲಿ ಬೃಹನ್ನಳೆ, ಮೋಹಿನಿ, ಶಿಖಂಡಿಯರಿಗೆ ಬೇರೆ ಬೇರೆ ಅರ್ಥಧಾರಿಗಳು ಯಾವ ಅರ್ಥ ಹೇಳಿದ್ದಾರೆ, ಎಲ್ಲಿ ಮಾತು ಬದಲಿಸಿದ್ದಾರೆ ಎಂಬುದರ ತೌಲನಿಕ ಅಧ್ಯಯನ ಸಂಶೋಧಕರ ಮುಂದಿರುವ ಕೆಲಸ. ಪ್ರಸಂಗಕರ್ತರ ಮುಂದಿರುವುದು ಸ್ಥೂಣಾಕರ್ಣನ ಕಾಡಿನಲ್ಲಿ ನಿಂತ ಶಿಖಂಡಿನಿಗೆ ಪದ ಬರೆಯುವ ಕೆಲಸ. ಪದವೊಂದು ದೊರೆತರೆ ಅರ್ಥ ಹೇಳಬಲ್ಲವರಿಗೆ ಈ ನೆಲದಲ್ಲಿ ಕೊರತೆಯಿಲ್ಲ.