ಕನೇರಿಯ ಗ್ರಾಮಜೀವನ ಪ್ರತಿಮೆಗಳು: ಒಂದು ವಿಮರ್ಶೆ

ಭೋಜ-ನಿಪ್ಪಾಣಿಯ ಸೀಮೆಗೆ ಸಮೀಪವಾದ ಕೊಲ್ಲಾಪುರ ಜಿಲ್ಲೆಯ ಕನೇರಿಯಲ್ಲಿರುವ ಸಿದ್ಧಗಿರಿ ಗ್ರಾಮಜೀವನ ವಸ್ತುಸಂಗ್ರಹಾಲಯವು ಶಾಲಾ ಪ್ರವಾಸಗಳಿಗೆ ಪ್ರಿಯವಾದ ಸ್ಥಳ. ಕುಂಬಾರ, ಕಮ್ಮಾರ, ಬಡಿಗ ಮೊದಲಾದ ಹನ್ನೆರಡು ಬಲುತೆದಾರರನ್ನು ಇಲ್ಲಿ ಸಿಮೆಂಟಿನ ಪ್ರತಿಮೆಗಳಲ್ಲಿ ರೂಪಿಸಲಾಗಿದೆ. ಶಿಲ್ಪಿಗಳ ಕೌಶಲವು ಶ್ಲಾಘ್ಯವೆಂಬುದರಲ್ಲಿ ನಮಗೆ ಸಂದೇಹವಿಲ್ಲ.

ಆದರೆ ಪ್ರತಿಮೆಯು ದುಡಿಮೆಯ ಒಂದು ಕ್ಷಣವನ್ನು ಹಿಡಿಯಬಲ್ಲುದೇ ಹೊರತು ಅದರ ಪ್ರತಿಫಲವನ್ನು ತೋರಿಸಲಾರದು. ಬಲುತೆಯೆಂದರೆ ಸುಗ್ಗಿಯ ಕಣದಲ್ಲಿ ರೈತನು ಅಳೆದುಕೊಡುತ್ತಿದ್ದ ಧಾನ್ಯದ ಪಾಲು. ಆ ಪಾಲು ಎಲ್ಲರಿಗೂ ಸಮವಾಗಿರಲಿಲ್ಲ. ಸೇವೆಯಾದರೋ ಹುಟ್ಟಿನಿಂದಲೇ ಬರುತ್ತಿತ್ತು. ಮಹಾರರ ವತನವನ್ನು ದಾಸ್ಯವೆಂದೇ ಬಗೆದ ಡಾ. ಅಂಬೇಡ್ಕರರು 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಅದರ ಸುಧಾರಣೆಗಾಗಿ ಮಸೂದೆ ಮಂಡಿಸಿದರು. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಗೊಳಿಸಿದುದು 1961ರ ಶಾಸನ.

ಇದನ್ನರಿಯದ ವಿದ್ಯಾರ್ಥಿಯು ಪ್ರತಿಮೆಗಳ ನಡುವಣ ಸಾಮರಸ್ಯವನ್ನೇ ಇತಿಹಾಸವೆಂದು ನಂಬಿ ಮರಳುವನು. ಆದುದರಿಂದ ಅಧ್ಯಾಪಕರು ಪ್ರವಾಸಕ್ಕೆ ಮುನ್ನ ಮಕ್ಕಳನ್ನು ತಮ್ಮ ಊರಿನ ಕುಂಬಾರರ ಅಂಗಳಕ್ಕೆ ಕರೆದೊಯ್ದು, ಅವರ ಕೈಗೆ ಮಣ್ಣು ಕೊಡಿಸುವುದು ಲೇಸೆಂದು ನಾವು ಭಾವಿಸುತ್ತೇವೆ. ಸಿಮೆಂಟಿನ ಕುಂಬಾರನು ಪ್ರಶ್ನೆಗೆ ಉತ್ತರಿಸಲಾರ. ಊರಿನ ಕುಂಬಾರನು ಮಡಕೆ ಮಾಡುವ ಬಗೆಯನ್ನು ಮಾತ್ರವಲ್ಲ, ಮಗನನ್ನು ಈ ಕಸುಬಿಗೆ ಏಕೆ ಹಚ್ಚಲಿಲ್ಲವೆಂಬುದನ್ನೂ ಹೇಳಬಲ್ಲನು.